ಆತ್ಮವಿಲ್ಲದ ಲೋಕದಲ್ಲಿ ಪ್ರೇತ: ಲಾಫ್ಕಾಡಿಯೊ ಹರ್ನ್‌ನ ಭೀತಿಕಥೆಗಳು

ಲಾಫ್ಕಾಡಿಯೊ ಹರ್ನ್ (1850–1904) ಗ್ರೀಸಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿ ದುಡಿದು, ಜಪಾನಿನ ಪ್ರಜೆಯಾಗಿ ತೀರಿಕೊಂಡ ಇಂಗ್ಲಿಷ್ ಲೇಖಕ. ಅವನ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ‘ಕ್ವಾಯ್ದಾನ್’ ಎಂಬ ಸಂಕಲನದಿಂದ. ಅವನು ಸಾಯುವ ಕೆಲವೇ ತಿಂಗಳ ಮುಂಚೆ, 1904ರಲ್ಲಿ ಅಚ್ಚಾದ ಈ ಪುಸ್ತಕದಲ್ಲಿ 17 ಕಥನಗಳಿವೆ. ಅವುಗಳ ಬೆನ್ನಿಗೆ ಚಿಟ್ಟೆ, ಸೊಳ್ಳೆ ಮತ್ತು ಇರುವೆಗಳ ಮೇಲೆ ಮೂರು ಪ್ರಬಂಧಗಳಿವೆ. ದೆವ್ವದ ಕಥೆಗಳೂ ಕೀಟಗಳ ಮೇಲಿನ ಹರಟೆಯೂ ಒಂದೇ ರಟ್ಟಿನೊಳಗೆ ಸೇರಿದ್ದು ಆಕಸ್ಮಿಕವಲ್ಲ. ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ನಿತ್ಯವಾದ ಆತ್ಮ ಇಲ್ಲವೆನ್ನುವ ಬೌದ್ಧಮತದಲ್ಲಿ ಸತ್ತ ಮೇಲೆ ಮರಳಿ ಬರುವುದು ಏನು? ಬದುಕಿರುವವರು ಅದಕ್ಕೆ ಹೆದರುವುದು ಏಕೆ?

ಈ ಪ್ರಶ್ನೆ ಹರ್ನ್‌ನಲ್ಲಿ ಮೂಡಿದ್ದು ಗ್ರಂಥಗಳಿಂದಲ್ಲ, ಬಾಲ್ಯದ ಹೆದರಿಕೆಯಿಂದ. ಅಯೋನಿಯನ್ ಸಮುದ್ರದ ಲೆಫ್ಕಾಡ ದ್ವೀಪದಲ್ಲಿ 1850ರ ಜೂನ್ 27ರಂದು ಅವನು ಹುಟ್ಟಿದ. ತಂದೆ ಬ್ರಿಟಿಷ್ ಸೈನ್ಯದ ಐರಿಷ್ ವೈದ್ಯ, ತಾಯಿ ಗ್ರೀಕ್ ಹೆಣ್ಣುಮಗಳು ರೋಸಾ. ಎರಡು ವರ್ಷದ ಮಗುವಾಗಿದ್ದಾಗ ಡಬ್ಲಿನ್‌ಗೆ ಬಂದ. ನಾಲ್ಕರ ಹೊತ್ತಿಗೆ ತಾಯಿ ಗ್ರೀಸಿಗೆ ಹಿಂತಿರುಗಿದಳು. ಅವನು ಆಕೆಯನ್ನು ಮತ್ತೆಂದೂ ನೋಡಲಿಲ್ಲ. ತಂದೆ ಮರುಮದುವೆಯಾಗಿ ಭಾರತಕ್ಕೆ ಸೇವೆಗೆ ಹೋದ; ಅಲ್ಲಿಂದ ಮರಳುವ ದಾರಿಯಲ್ಲಿ 1866ರಲ್ಲಿ ಸೂಯೆಜ್ ಬಳಿ ಹಡಗಿನಲ್ಲೇ ಅಸುನೀಗಿದ. ಮಗುವನ್ನು ಸಾಕಿದವಳು ತಂದೆಯ ತಾಯಿಯ ಸಹೋದರಿ, ಕ್ಯಾಥೊಲಿಕ್ ಮತಕ್ಕೆ ಸೇರಿದ್ದ ಸಾರಾ ಬ್ರೆನೇನ್. ಕತ್ತಲೆಗೆ ಅಂಜುವ ಈ ಮಗುವಿನ ಭಯ ಬಿಡಿಸಬೇಕೆಂದು ಮನೆಯವರು ರಾತ್ರಿ ದೀಪ ತೆಗೆದು, ಕೋಣೆಗೆ ಬೀಗ ಹಾಕುತ್ತಿದ್ದರು. ಐದು ವರ್ಷದ ಹುಡುಗ ಆ ಕೋಣೆಯಲ್ಲಿ ಪ್ರತಿ ರಾತ್ರಿ ಆಕೃತಿಗಳನ್ನು ಕಂಡ. ಅವು ತನ್ನತ್ತ ಬಾಗಿ ಮುಟ್ಟುತ್ತಿದ್ದವು ಎಂದು ಅವನು ಎಷ್ಟೋ ದಶಕಗಳ ಬಳಿಕ ಬರೆದ.

ಅದೇ ಮನೆಗೆ ಬಂದು ಹೋಗುತ್ತಿದ್ದ ಜೇನ್ ಎಂಬ ಭಕ್ತೆ ಹುಡುಗನಿಗೆ ನರಕದ ಬೆಂಕಿಯನ್ನು ವಿವರಿಸಿ ಹೇಳಿದಳು. ದೇವರನ್ನು ಏಕೆ ಮೆಚ್ಚಿಸಬೇಕೆಂದು ಕೇಳಿದ ಮಗುವಿಗೆ ಸಿಕ್ಕ ಉತ್ತರ ಅದು. ಅವಳು ಸಾಯಲಿ ಎಂದು ಹುಡುಗ ಮನಸ್ಸಿನಲ್ಲೇ ಹಾರೈಸಿದ. ಮುಂದೊಂದು ಸಂಜೆ ಮನೆಯ ಮೇಲಂತಸ್ತಿನಲ್ಲಿ ಅವಳನ್ನೇ ಕಂಡಂತಾಗಿ ಹಿಂದೆ ಹೋದ. ಅವಳು ತಿರುಗಿದಾಗ ಅಲ್ಲಿ ಮುಖವಿರಲಿಲ್ಲ. ನಿಜವಾದ ಜೇನ್ ಆಗ ಆ ಮನೆಯಲ್ಲೇ ಇರಲಿಲ್ಲ. ಕೆಲವು ತಿಂಗಳಲ್ಲಿ ಅವಳು ಬಂದಳು, ಹುಡುಗನಿಗೆ ಆಟಿಕೆ ಕೊಡಿಸಿದಳು, ಕ್ಷಯ ತಗುಲಿ ಸತ್ತಳು. ಹರ್ನ್ ಬರೆದಿಟ್ಟಿದ್ದ ಈ ನೆನಪು ಅವನ ಸ್ನೇಹಿತೆ ಎಲಿಜಬೆತ್ ಬಿಸ್ಲೆಂಡ್ 1906ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿದೆ. ಮುಂದಿನ ಎಲ್ಲ ಕಥೆಗಳ ಬೇರು ಇಲ್ಲಿದೆ ಎಂದರೆ ಅತಿಶಯವಲ್ಲ. ಭಯ, ತಪ್ಪಿತಸ್ಥ ಭಾವ, ಸತ್ತವರ ಬಗೆಗಿನ ಮರುಕ ಮೂರೂ ಈ ಒಂದೇ ಅನುಭವದಲ್ಲಿ ಹೆಣೆದುಕೊಂಡಿವೆ. ಧರ್ಮದ ಹೆಸರಿನಲ್ಲಿ ಮಗುವಿಗೆ ಮೊದಲು ಸಿಕ್ಕಿದ್ದು ಪ್ರೀತಿಯಲ್ಲ, ದಂಡನೆಯ ಬೆದರಿಕೆ.

ಇಂಗ್ಲೆಂಡಿನ ಡರಮ್ ಬಳಿಯ ಅಷಾ ಕ್ಯಾಥೊಲಿಕ್ ವಿದ್ಯಾಲಯದಲ್ಲಿ ಓದುವಾಗ, 16ನೇ ವಯಸ್ಸಿನಲ್ಲಿ, ಆಟದ ಮೈದಾನದ ಅಪಘಾತದಲ್ಲಿ ಅವನ ಎಡಗಣ್ಣು ಹೋಯಿತು. ಉಳಿದ ಬಲಗಣ್ಣಿನ ದೃಷ್ಟಿಯೂ ಮಂದ. ಸಾಕಿದ ಸಾರಾ ಬ್ರೆನೇನ್‌ಳ ಆಸ್ತಿ ಕರಗಿತು. 19ರ ಹರೆಯದಲ್ಲಿ ಅವನನ್ನು ಅಮೆರಿಕದ ಸಿನ್ಸಿನಾಟಿಗೆ ಸಾಗಹಾಕಲಾಯಿತು. ಅಲ್ಲಿ ಬೀದಿಯಲ್ಲಿ ಮಲಗಿ, ಮುದ್ರಕನೊಬ್ಬನ ಆಸರೆ ಪಡೆದು, ಕೊನೆಗೆ ಕೊಲೆ, ಶವಾಗಾರ, ಕೊಳೆಗೇರಿಗಳ ವರದಿಗಾರನಾಗಿ ಹೆಸರು ಮಾಡಿದ. 1874ರಲ್ಲಿ ಕಪ್ಪು ಜನಾಂಗಕ್ಕೆ ಸೇರಿದ ಅಲೆಥಿಯಾ ಫೋಲಿಯನ್ನು ಮದುವೆಯಾದ. ಒಹಾಯೊ ರಾಜ್ಯದ ಕಾನೂನು ಆಗ ಅಂಥ ಮದುವೆಯನ್ನು ಒಪ್ಪುತ್ತಿರಲಿಲ್ಲ. ಕೆಲಸ ಹೋಯಿತು, ಮದುವೆಯೂ ಉಳಿಯಲಿಲ್ಲ. 1877ರಲ್ಲಿ ನ್ಯೂ ಆರ್ಲಿಯನ್ಸ್ ಸೇರಿದ ಮೇಲೆ ಅವನು ಓದಿದ ಇಂಗ್ಲಿಷ್ ದಾರ್ಶನಿಕ ಹರ್ಬರ್ಟ್ ಸ್ಪೆನ್ಸರ್ ಅವನ ಆಲೋಚನೆಯನ್ನು ಬುಡಸಮೇತ ಬದಲಿಸಿದ. ಮನಸ್ಸು ದೇವರು ಒಮ್ಮೆಗೇ ಸೃಷ್ಟಿಸಿದ ವಸ್ತುವಲ್ಲ, ಅಸಂಖ್ಯ ಪೂರ್ವಜರ ಅನುಭವ ನರಗಳಲ್ಲಿ ಶೇಖರವಾಗಿ ಬೆಳೆದದ್ದು ಎಂಬುದು ಸ್ಪೆನ್ಸರನ ವಾದ. ಚರ್ಚಿನ ಆತ್ಮವನ್ನು ಎಂದೋ ಕಳೆದುಕೊಂಡಿದ್ದ ಹರ್ನ್‌ಗೆ ಈ ವಾದ ಹೊಸ ನಂಬಿಕೆಯಂತೆ ಒದಗಿತು.

1890ರಲ್ಲಿ ಜಪಾನಿಗೆ ಬಂದ ಅವನು ಮತ್ಸುಎ ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರಾದ. ಮರುವರ್ಷ ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವನ ಕೈಹಿಡಿದಳು. 1896ರಲ್ಲಿ ಪೌರತ್ವ ಪಡೆದು ಕೊಯಿಜುಮಿ ಯಾಕುಮೊ ಎಂಬ ಹೆಸರಿಟ್ಟುಕೊಂಡ. ಅದೇ ವರ್ಷದಿಂದ 1903ರವರೆಗೆ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸಿದ. ಅವನ ಜಾಗಕ್ಕೆ ಬಂದವನು ಕಾದಂಬರಿಕಾರ ನತ್ಸುಮೆ ಸೊಸೆಕಿ. ಹರ್ನ್‌ಗೆ ಜಪಾನೀ ಲಿಪಿ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಕಥೆಗಳು ಅವನಿಗೆ ದಕ್ಕಿದ್ದು ಸೆತ್ಸುವಿನ ಬಾಯಿಂದ. ಹಳೆಯ ಪುಸ್ತಕಗಳನ್ನು ಹುಡುಕಿ ತಂದು ಓದಿಕೊಂಡು, ರಾತ್ರಿ ದೀಪದ ಬತ್ತಿ ತಗ್ಗಿಸಿ, ಆಕೆ ಹೇಳುತ್ತಿದ್ದಳು. ಪುಸ್ತಕ ನೋಡಿ ಹೇಳಕೂಡದು, ನಿನ್ನದೇ ಮಾತಿನಲ್ಲಿ, ನಿನ್ನದೇ ಭಾವದಿಂದ ಹೇಳಬೇಕು ಎಂಬುದು ಅವನ ಹಟ. ಕುರುಡ ಗಾಯಕ ಹೊಯಿಚಿಯ ಕಥೆ ಬರೆಯುತ್ತಿದ್ದ ದಿನಗಳಲ್ಲಿ ಕತ್ತಲಾದರೂ ದೀಪ ಹಚ್ಚದೆ ಕೂತಿದ್ದ ಗಂಡನನ್ನು ಪಕ್ಕದ ಕೋಣೆಯಿಂದ ಹೊಯಿಚಿ ಎಂದು ಕೂಗಿದಾಗ, ಅವನು ಆ ಕುರುಡನಾಗಿಯೇ ಓಗೊಟ್ಟನೆಂದು ಸೆತ್ಸು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ. ಈ ಕಥೆಗಳ ಕರ್ತೃತ್ವದಲ್ಲಿ ಅರ್ಧಪಾಲು ಆಕೆಯದು. ವಿಮರ್ಶಕರು ಇದನ್ನು ಬಹುಕಾಲ ಕಡೆಗಣಿಸಿದ್ದು ಅನ್ಯಾಯ.

ಸತ್ತ ಮೇಲೆ ಮರಳಿ ಬರುವುದು ಏನೆಂಬ ಪ್ರಶ್ನೆ ಬೌದ್ಧಮತದ ಒಳಗೆ ಹಳೆಯದು. ‘ಮಿಲಿಂದ ಪಞ್ಹ’ ಎಂಬ ಬೌದ್ಧ ಗ್ರಂಥದಲ್ಲಿ ಯವನ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಕೇಳುವುದೇ ಇದನ್ನು: ಹುಟ್ಟಿದವನು ಸತ್ತವನೇ ಹೌದೇ, ಬೇರೆಯವನೇ? ಅವನೂ ಅಲ್ಲ, ಬೇರೆಯವನೂ ಅಲ್ಲ ಎನ್ನುತ್ತಾನೆ ನಾಗಸೇನ. ರಾತ್ರಿಯಿಡೀ ಉರಿದ ದೀಪದಲ್ಲಿ ಮೊದಲ ಜಾವದ ಜ್ವಾಲೆ ಕೊನೆಯ ಜಾವದಲ್ಲಿ ಇಲ್ಲ, ಆದರೂ ಉರಿದದ್ದು ಒಂದೇ ದೀಪ. ದಾಟುವುದು ವಸ್ತುವಲ್ಲ, ಕರ್ಮದ ಸಂತತಿ. ಹರ್ನ್ ‘ಕೊಕೊರೊ’ (1896) ಸಂಕಲನದ ಪೂರ್ವಾಸ್ತಿತ್ವದ ಮೇಲಿನ ಪ್ರಬಂಧದಲ್ಲಿ ಈ ಸಂತತಿಯನ್ನು ಸ್ಪೆನ್ಸರನ ವಂಶಾನುಗತ ಅನುಭವದ ಜೊತೆ ಜೋಡಿಸಿದ. ‘ನಾನು’ ಎಂಬುದು ಒಂದು ವಸ್ತುವಲ್ಲ, ಲೆಕ್ಕವಿಲ್ಲದ ಸತ್ತವರ ಕೂಟ. ಮೊದಲ ನೋಟದ ಪ್ರೇಮ, ಕಾರಣವಿಲ್ಲದ ದ್ವೇಷ, ಸೂರ್ಯಾಸ್ತದ ಮುಂದೆ ಹುಟ್ಟುವ ಹೇಳಲಾಗದ ನೋವು ಇವೆಲ್ಲ ನಮ್ಮೊಳಗಿನ ಸತ್ತವರ ಚಲನೆ. ಈ ಲೆಕ್ಕದಲ್ಲಿ ದೆವ್ವ ಹೊರಗಿನಿಂದ ಬರಬೇಕಿಲ್ಲ. ಬದುಕಿರುವ ಪ್ರತಿಯೊಬ್ಬನೂ ಸತ್ತವರು ನೆಲೆಸಿದ ಮನೆ.

ಭಯದ ಬಗೆಗಿನ ಅವನ ವಿವರಣೆಯೂ ಇದರಿಂದಲೇ ಹೊರಡುತ್ತದೆ. ‘ಷಾಡೋಯಿಂಗ್ಸ್’ (1900) ಪುಸ್ತಕದ ಪ್ರಬಂಧವೊಂದರಲ್ಲಿ ಅವನು ಬಾಲ್ಯದ ಆ ಬೀಗದ ಕೋಣೆಗೆ ಹಿಂತಿರುಗಿ, ಮನುಷ್ಯ ದೆವ್ವಕ್ಕೆ ಹೆದರುವುದು ಅದು ಕೊಲ್ಲುತ್ತದೆ ಎಂದಲ್ಲ, ಮುಟ್ಟುತ್ತದೆ ಎಂಬ ಕಾರಣಕ್ಕೆ ಎನ್ನುತ್ತಾನೆ. ಈ ಭಯದ ತವರು ಕನಸು. ಕನಸಿನಲ್ಲಿ ಹಿಡಿಯಲು ಬರುವವನ ಮುಂದೆ ಕಾಲು ಕೀಳಲಾಗದ ಸಂಕಟ ಆದಿಮಾನವನದು, ಅದಕ್ಕೂ ಹಿಂದೆ ಬೇಟೆಗೆ ಸಿಕ್ಕ ಪ್ರಾಣಿಗಳದು. ಒಬ್ಬನ ಜೀವಮಾನದ ಅನುಭವ ಇಷ್ಟು ಆಳವಾದ ಅಂಜಿಕೆಯನ್ನು ಕೊಡಲಾರದು. ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲೂ ಅವನು ಇದೇ ಮಾತನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತಿದ್ದ: ಅಲೌಕಿಕದ ಕಥೆ ಬರೆಯುವವನು ತನ್ನ ಕನಸುಗಳನ್ನು ಗಮನಿಸಲಿ, ಮಹತ್ವದ ಯಾವ ಕಲೆಯೂ ಈ ಭೀತಿಯ ಅಂಶವಿಲ್ಲದೆ ಇಲ್ಲ.

ಸಿದ್ಧಾಂತ ಇಷ್ಟು. ಕಥೆಗಳು ಅದಕ್ಕಿಂತ ಸೂಕ್ಷ್ಮ.

‘ಡಿಪ್ಲೊಮಸಿ’ ಎಂಬ ಪುಟ್ಟ ಕಥೆಯಲ್ಲಿ ಮರಣದಂಡನೆಗೆ ಗುರಿಯಾದವನೊಬ್ಬ ಸಮುರಾಯ್ ಯಜಮಾನನಿಗೆ ಹೇಳುತ್ತಾನೆ: ತಾನು ತಪ್ಪು ಮಾಡಿದ್ದು ಬೇಕೆಂದಲ್ಲ, ಕರ್ಮವಶಾತ್ ದಡ್ಡನಾಗಿ ಹುಟ್ಟಿದ್ದರಿಂದ, ದಡ್ಡತನಕ್ಕೆ ತಲೆ ತೆಗೆದರೆ ಸತ್ತ ಮೇಲೆ ಸೇಡು ತೀರಿಸಿಕೊಳ್ಳುವೆ. ಸೇಡಿನ ಗುರುತಾಗಿ, ಕಡಿದ ತಲೆ ಎದುರಿನ ಕಲ್ಲನ್ನು ಕಚ್ಚಲಿ ನೋಡೋಣ ಎನ್ನುತ್ತಾನೆ ಯಜಮಾನ. ತಲೆ ಉರುಳುತ್ತದೆ, ಕಲ್ಲನ್ನು ಕಚ್ಚಿ ಬೀಳುತ್ತದೆ. ಆಳುಗಳು ತಿಂಗಳುಗಟ್ಟಲೆ ನಡುಗಿ, ಶಾಂತಿಕರ್ಮ ಮಾಡಿಸಿ ಎಂದು ಬೇಡುತ್ತಾರೆ. ಅಗತ್ಯವಿಲ್ಲ ಎನ್ನುತ್ತಾನೆ ಯಜಮಾನ. ಅಪಾಯವಿರುವುದು ಸಾಯುವವನ ಕಟ್ಟಕಡೆಯ ಸಂಕಲ್ಪದಲ್ಲಿ ಮಾತ್ರ. ಇವನ ಕಡೆಯ ಸಂಕಲ್ಪ ಕಲ್ಲು ಕಚ್ಚುವುದರಲ್ಲೇ ಮುಗಿದುಹೋಯಿತು. ಅವನಂದಂತೆಯೇ ಏನೂ ಆಗುವುದಿಲ್ಲ. ಅಂತ್ಯಕಾಲದಲ್ಲಿ ಯಾವುದನ್ನು ನೆನೆಯುತ್ತಾನೋ ಅದನ್ನೇ ಹೊಂದುತ್ತಾನೆ ಎಂಬ ವಿಚಾರ ಭಗವದ್ಗೀತೆಯ ಎಂಟನೆಯ ಅಧ್ಯಾಯದಿಂದ ಕನ್ನಡ ಓದುಗರಿಗೆ ಪರಿಚಿತ. ಮುಕ್ತಿಗಾಗಿ ಹೇಳಿದ ಆ ತತ್ತ್ವ ಇಲ್ಲಿ ಕೊಲೆಗಾರನ ರಕ್ಷಾಕವಚವಾಗಿದೆ. ದೆವ್ವ ಕಾಣಿಸದ ಈ ದೆವ್ವದ ಕಥೆಯಲ್ಲಿ ನಿಜವಾದ ಭಯ ಇರುವುದು ಇನ್ನೊಬ್ಬನ ಕೊನೆಯ ಉಸಿರನ್ನೂ ಲೆಕ್ಕ ಹಾಕಿ ಪೋಲು ಮಾಡಿಸಿದ ಆ ತಣ್ಣನೆಯ ಬುದ್ಧಿಯಲ್ಲಿ. ದಡ್ಡತನ ಕರ್ಮದ ಫಲವಾದರೆ ದಡ್ಡನಿಗೆ ಶಿಕ್ಷೆ ನ್ಯಾಯವೇ ಎಂಬ ಅವನ ಪ್ರಶ್ನೆಗೆ ಕಥೆಯಲ್ಲಿ ಯಾರೂ ಉತ್ತರಿಸುವುದಿಲ್ಲ.

‘ಓ-ತೇಇ’ಯ ಕಥೆ ಮಿಲಿಂದನ ಪ್ರಶ್ನೆಗೆ ಇನ್ನೂ ಹತ್ತಿರ. ಕ್ಷಯದಿಂದ ಸಾಯುತ್ತಿರುವ ಹುಡುಗಿ ಮದುವೆಯಾಗಬೇಕಿದ್ದವನಿಗೆ, ಗಟ್ಟಿಯಾದ ಇನ್ನೊಂದು ದೇಹದಲ್ಲಿ ಮರಳಿ ಬರುತ್ತೇನೆಂದು ಮಾತು ಕೊಡುತ್ತಾಳೆ. ಬಹಳ ವರ್ಷಗಳ ನಂತರ, ಹೆಂಡತಿ ಮಗುವನ್ನೂ ಕಳೆದುಕೊಂಡ ಅವನಿಗೆ ಬೆಟ್ಟದೂರಿನ ಛತ್ರವೊಂದರಲ್ಲಿ ಅವಳನ್ನೇ ಹೋಲುವ ಹುಡುಗಿ ಸಿಗುತ್ತಾಳೆ. ಅವನು ಕೇಳಿದಾಗ ಸತ್ತವಳ ದನಿಯಲ್ಲಿ ಹೆಸರು, ಸತ್ತ ದಿನ, ಕೊಟ್ಟ ಮಾತು ಎಲ್ಲವನ್ನೂ ಒಮ್ಮೆ ಹೇಳಿ ಮೂರ್ಛೆ ಹೋಗುತ್ತಾಳೆ. ಮದುವೆಯಾಗುತ್ತದೆ, ಸಂಸಾರ ಸುಖವಾಗಿರುತ್ತದೆ. ಆದರೆ ತಾನು ಏನು ಹೇಳಿದೆನೆಂಬುದು ಅವಳಿಗೆ ಮತ್ತೆಂದೂ ನೆನಪಾಗುವುದಿಲ್ಲ. ಬಂದವಳು ಅವಳೇ ಹೌದೇ? ನೆನಪಿಲ್ಲದೆ ಅವಳು ಅವಳಾಗುವುದು ಹೇಗೆ? ಹರ್ನ್ ಈ ಕಥೆಯನ್ನು ಸುಖಾಂತವೆಂದು ಓದಿಸುತ್ತಲೇ ಸುಖದ ಅಡಿಯ ನೆಲವನ್ನು ಟೊಳ್ಳು ಮಾಡಿಬಿಡುತ್ತಾನೆ. ಅವನ ಕಲೆ ಅತ್ಯಂತ ಎತ್ತರದಲ್ಲಿರುವುದು ಇಂಥ ಕಡೆ.

ಹೊಯಿಚಿಯ ಕಥೆ ಎಲ್ಲಕ್ಕಿಂತ ಪ್ರಸಿದ್ಧ. 1185ರ ದಾನ್‌ನೊಉರ ಕಡಲ ಕಾಳಗದಲ್ಲಿ ಬಾಲಚಕ್ರವರ್ತಿ ಅಂತೊಕುವಿನೊಡನೆ ಹೈಕೆ ವಂಶವೇ ಮುಳುಗಿಹೋಯಿತು. ಆ ಕಾಳಗದ ಕಥನವನ್ನು ಬಿವ ವಾದ್ಯದೊಡನೆ ಹಾಡುವ ಕುರುಡ ಹೊಯಿಚಿಯನ್ನು ಅದೇ ಸತ್ತವರು ರಾತ್ರಿರಾತ್ರಿ ಕರೆಸಿಕೊಂಡು, ತಮ್ಮ ಸಾವಿನ ಹಾಡನ್ನೇ ಕೇಳಿ ಅಳುತ್ತಾರೆ. ಅವನನ್ನು ಉಳಿಸಲು ದೇವಾಲಯದ ಗುರು ಅವನ ಮೈಮೇಲೆಲ್ಲ ಪ್ರಜ್ಞಾಪಾರಮಿತಾ ಹೃದಯಸೂತ್ರವನ್ನು ಬರೆಸುತ್ತಾನೆ. ಕಿವಿಗಳು ಮರೆತುಹೋಗುತ್ತವೆ. ಕರೆಯಲು ಬಂದ ಪ್ರೇತಕ್ಕೆ ಕಾಣುವುದು ಎರಡು ಕಿವಿ ಮಾತ್ರ. ಅವನ್ನೇ ಕಿತ್ತುಕೊಂಡು ಹೋಗುತ್ತದೆ. ಬರೆದದ್ದು ಬೇರೆ ಯಾವುದೋ ಮಂತ್ರವಲ್ಲ, ರೂಪವೆಲ್ಲ ಶೂನ್ಯವೆಂದು ಸಾರುವ ಸೂತ್ರ ಎಂಬುದನ್ನು ಹರ್ನ್ ಅಡಿಟಿಪ್ಪಣಿಯಲ್ಲಿ ಎತ್ತಿ ತೋರಿಸುತ್ತಾನೆ. ಶೂನ್ಯತೆ ಆವರಿಸಿದ ದೇಹ ಹಂಬಲದ ಕಣ್ಣಿಗೆ ಬೀಳುವುದಿಲ್ಲ. ಎಲ್ಲಿ ರೂಪ ಉಳಿದಿದೆಯೋ ಅಲ್ಲೇ ನೋವು. ಕಥೆಯ ಜನ ಸೂತ್ರವನ್ನು ತಾಯತದಂತೆ ಬಳಸುತ್ತಾರೆ, ಆದರೆ ಕಥೆಯ ತರ್ಕ ಸೂತ್ರದ ಅರ್ಥದಂತೆಯೇ ನಡೆಯುತ್ತದೆ. ಜನಪದ ನಂಬಿಕೆ ಮತ್ತು ದರ್ಶನ ಇಷ್ಟು ಬಿಗಿಯಾಗಿ ಒಂದಾದ ಇನ್ನೊಂದು ಭೀತಿಕಥೆ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ.

‘ಜಿಕಿನಿಂಕಿ’ಯ ಪ್ರೇತ ಬೇರೆ ಬಗೆಯದು. ಶವ ತಿನ್ನುವ ಈ ಜೀವಿ ಹಿಂದೆ ಪುರೋಹಿತನಾಗಿದ್ದ. ಅನ್ನ ಬಟ್ಟೆಯ ಆಸೆಯಿಂದಷ್ಟೇ ಉತ್ತರಕ್ರಿಯೆ ಮಾಡಿಸುತ್ತಿದ್ದ. ಸತ್ತವರ ಮೇಲೆ ಬದುಕಿದವನು ಈಗ ಸತ್ತವರನ್ನೇ ತಿನ್ನಬೇಕಾಗಿದೆ. ದಾರಿಹೋಕ ಗುರು ಮುಸೊ ಅವನನ್ನು ಕಂಡು ಓಡುವುದಿಲ್ಲ, ಮಂತ್ರದಿಂದ ಹೊಡೆದೋಡಿಸುವುದೂ ಇಲ್ಲ. ಪ್ರೇತವೇ ನಾಚಿ ತನ್ನ ಪಾಪ ಒಪ್ಪಿಕೊಂಡು, ಬಿಡುಗಡೆಯ ಕರ್ಮ ಮಾಡಿಸಿರೆಂದು ಬೇಡುತ್ತದೆ. ಯುರೋಪಿನ ಎಷ್ಟೋ ಭೀತಿಕಥೆಗಳಲ್ಲಿ ಪ್ರೇತ ಶತ್ರು. ಇಲ್ಲಿ ಅದು ಹಸಿದ ಬಂಧು. ಪಿತೃಪಕ್ಷದಲ್ಲಿ ಎಡೆಯಿಡುವ ಸಮಾಜಕ್ಕೆ ಈ ಭಾವ ವಿವರಿಸಿ ಹೇಳಬೇಕಾದದ್ದಲ್ಲ. ಚರ್ಚಿನ ನಿತ್ಯನರಕಕ್ಕೆ ಅಂಜಿ ಬೆಳೆದ ಹರ್ನ್‌ಗೆ ಮಾತ್ರ ಶಿಕ್ಷೆಗೂ ಒಂದು ಕೊನೆಯಿದೆ ಎಂಬುದೇ ದೊಡ್ಡ ಸಮಾಧಾನವಾಗಿ ಕಂಡಿತು.

‘ಮುಜಿನ’ದಲ್ಲಿ ಆ ಸಮಾಧಾನವೂ ಇಲ್ಲ. ಟೋಕಿಯೊದ ಇಳಿಜಾರು ದಾರಿಯೊಂದರಲ್ಲಿ ರಾತ್ರಿ ಅಳುತ್ತಿದ್ದ ಹೆಂಗಸನ್ನು ವ್ಯಾಪಾರಿ ಸಮಾಧಾನಪಡಿಸಲು ಹೋಗುತ್ತಾನೆ. ಅವಳು ತಿರುಗಿದರೆ ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲ. ಓಡಿ ಓಡಿ ನೂಡಲ್ಸ್ ಮಾರುವವನ ದೀಪದ ಬಳಿ ಸೇರಿದರೆ, ಅವನ ಮುಖವೂ ಹಾಗೆಯೇ. ದೀಪ ಆರುತ್ತದೆ. ಕಥೆ ಎರಡು ಮೂರು ಪುಟ, ವಿವರಣೆ ಒಂದು ಸಾಲೂ ಇಲ್ಲ. ಡಬ್ಲಿನ್ನಿನ ಹುಡುಗ ಕಂಡ ಮುಖವಿಲ್ಲದ ಜೇನ್ ಅರ್ಧ ಶತಮಾನದ ನಂತರ ಜಪಾನೀ ಜನಪದದಲ್ಲಿ ಅವನಿಗೆ ಸಿಕ್ಕಳು. ‘ನಾನು’ ಎಂಬುದಕ್ಕೆ ತಿರುಳಿಲ್ಲ ಎಂಬ ಬೌದ್ಧ ತತ್ತ್ವ ಭಿಕ್ಷುವಿಗೆ ಬಿಡುಗಡೆಯ ಬಾಗಿಲಾದರೆ, ಸಿದ್ಧನಿಲ್ಲದವನಿಗೆ ಅದು ಈ ಮುಖವಿಲ್ಲದ ಮುಖ.

ಹರ್ನ್‌ನ ದಿನನಿತ್ಯದ ಚಿಂತನೆಗಳು ಈ ಕಥೆಗಳ ನೆರಳಲ್ಲೇ ಬೆಳೆದವು. ರಸ್ತೆಬದಿಯಲ್ಲಿ ಮಣ್ಣಿನಲ್ಲಿ ಶವಸಂಸ್ಕಾರದ ಆಟವಾಡುತ್ತಿದ್ದ ಮಕ್ಕಳನ್ನು ನೋಡಿ ಅವನು ಧೂಳಿನ ಮೇಲೆ ಪ್ರಬಂಧ ಬರೆದ: ಈ ಮಣ್ಣಿನಲ್ಲಿ ಎಂದೂ ಬದುಕಿರದ ಕಣ ಯಾವುದು? ನೆರೆಯ ಬುದ್ಧಿಮಾಂದ್ಯ ಹುಡುಗ ರಿಕಿ ಸತ್ತಾಗ, ಮುಂದಿನ ಜನ್ಮವಾದರೂ ಚೆನ್ನಾಗಿರಲೆಂದು ತಾಯಿ ಅವನ ಅಂಗೈಯಲ್ಲಿ ಹೆಸರು ಬರೆದಳಂತೆ. ಸಿರಿವಂತರ ಮನೆಯಲ್ಲಿ ಅದೇ ಅಕ್ಷರವಿರುವ ಮಗು ಹುಟ್ಟಿ, ಗುರುತು ಅಳಿಸಲು ಅವರು ರಿಕಿಯ ಗೋರಿಯ ಮಣ್ಣು ಹುಡುಕಿಕೊಂಡು ಬಂದರಂತೆ. ಹರ್ನ್ ಇದನ್ನು ನಂಬಿದನೋ ಬಿಟ್ಟನೋ ಹೇಳುವುದಿಲ್ಲ. ತಾಯಿಯ ಹಾರೈಕೆಯನ್ನು ಮಾತ್ರ ಪೂರ್ತಿ ಗೌರವದಿಂದ ದಾಖಲಿಸುತ್ತಾನೆ.

ಸೊಳ್ಳೆಗಳ ಪ್ರಬಂಧದಲ್ಲಿ ಅವನ ತೋಟದ ಹಿಂದಿನ ಹಳೆಯ ಬೌದ್ಧ ಸ್ಮಶಾನ ಬರುತ್ತದೆ. ಗೋರಿಗಳ ಮುಂದಿನ ಕಲ್ಲಿನ ತೊಟ್ಟಿಗಳಲ್ಲಿ, ಬಿದಿರಿನ ಹೂಪಾತ್ರೆಗಳಲ್ಲಿ ನಿಂತ ನೀರು ಸೊಳ್ಳೆಗಳ ತವರು. ಸೀಮೆಎಣ್ಣೆ ಸುರಿದರೆ ಸೊಳ್ಳೆ ಸಾಯುತ್ತವೆ ಎಂದು ವಿಜ್ಞಾನ ಹೇಳುತ್ತದೆ. ಆದರೆ ಸತ್ತವರಿಗೆ ಇಟ್ಟ ನೀರಿಗೆ ಎಣ್ಣೆ ಸುರಿಯುವ ಧರ್ಮ ಯಾವುದು? ಪಾಪಿಗಳು ರಕ್ತ ಕುಡಿಯುವ ಪ್ರೇತಗಳಾಗಿ ಹುಟ್ಟುವುದುಂಟು ಎಂಬ ಬೌದ್ಧ ನಂಬಿಕೆಯನ್ನು ನೆನೆದು, ತಾನೂ ಹಾಗೆ ಹುಟ್ಟುವುದಾದರೆ ಇಂಥದೊಂದು ಹಳೆಯ ಸ್ಮಶಾನದ ನೀರಿನಲ್ಲೇ ಹುಟ್ಟುವ ಅವಕಾಶವಿರಲಿ ಎನ್ನುತ್ತಾನೆ. ಇರುವೆಗಳ ಪ್ರಬಂಧ ಇನ್ನೂ ಮುಂದೆ ಹೋಗುತ್ತದೆ. ‘ನಾನು’ ಎಂಬುದೇ ಇಲ್ಲದ, ಕರ್ತವ್ಯವೇ ಸುಖವಾದ ಇರುವೆಯ ಸಮಾಜ ನೀತಿಯಲ್ಲಿ ಮನುಷ್ಯನಿಗಿಂತ ಮುಂದಿದೆಯೇ ಎಂದು ಅವನು ಗಂಭೀರವಾಗಿಯೇ ಕೇಳುತ್ತಾನೆ. ಅಹಂಕಾರದ ನಾಶ ಕಥೆಯಲ್ಲಿ ಭಯ ಹುಟ್ಟಿಸಿದರೆ ಇಲ್ಲಿ ಆದರ್ಶವಾಗುತ್ತದೆ.

ಹರ್ನ್ ಕಟ್ಟಿದ ಸೇತುವೆ ದರ್ಶನವಾಗಿ ನಿಲ್ಲುವುದಿಲ್ಲ ಎಂಬುದನ್ನು ನೇರವಾಗಿ ಹೇಳಬೇಕು. ಬೌದ್ಧಮತದಲ್ಲಿ ಕರ್ಮವೆಂದರೆ ಸಂಕಲ್ಪಪೂರ್ವಕವಾದ ಕ್ರಿಯೆ. ಅದು ರಕ್ತದಲ್ಲಿ ತಂದೆಯಿಂದ ಮಗನಿಗೆ ಹರಿಯುವುದಿಲ್ಲ. ಕೊಲೆಗಾರನ ಮಗು ಕೊಲೆಯ ಫಲವನ್ನು ಹೊತ್ತು ಹುಟ್ಟುವುದಿಲ್ಲ. ವಂಶಾನುಗತಿಯಲ್ಲಿ ಪಾಪಪುಣ್ಯದ ಲೆಕ್ಕವೇ ಇಲ್ಲ. ಒಂದು ನೀತಿಯ ನಿಯಮ, ಇನ್ನೊಂದು ಪ್ರಕೃತಿಯ ನಿಯಮ. ಎರಡನ್ನೂ ಒಂದೆಂದರೆ ಕರ್ಮದ ಜೀವಾಳವಾದ ಹೊಣೆಗಾರಿಕೆಯೇ ಕಳಚಿಬೀಳುತ್ತದೆ. ವಿಜ್ಞಾನದ ಕಡೆಯ ಕಂಬವೂ ಗಟ್ಟಿಯಲ್ಲ. ಜೀವಮಾನದಲ್ಲಿ ಗಳಿಸಿದ ಅನುಭವ ಸಂತಾನಕ್ಕೆ ದಾಟುತ್ತದೆ ಎಂಬ ಸ್ಪೆನ್ಸರನ ನಂಬಿಕೆಯನ್ನು ಜರ್ಮನ್ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ ಹರ್ನ್‌ನ ಕಾಲದಲ್ಲೇ ಪ್ರಶ್ನಿಸಿದ್ದ. 20ನೇ ಶತಮಾನದ ತಳಿವಿಜ್ಞಾನ ಅದನ್ನು ಬದಿಗೊತ್ತಿತು.

ಆದರೂ ಸತ್ತವರಿಗೆ ನಾವು ಋಣಿಗಳು ಎಂಬ ಅವನ ಮೂಲ ಕಾಣ್ಕೆ ಸಿದ್ಧಾಂತದೊಡನೆ ಬೀಳುವುದಿಲ್ಲ. ಪೂರ್ವಜರ ಆರಾಧನೆಯ ಮೇಲಿನ ಬರಹಗಳಲ್ಲಿ ಅವನು ಪಶ್ಚಿಮವನ್ನು ಆಕ್ಷೇಪಿಸುವುದು ಇದಕ್ಕಾಗಿ: ಬಳಸುವ ಮಾತು, ನಡೆಯುವ ದಾರಿ, ಉಣ್ಣುವ ಅನ್ನ ಎಲ್ಲವೂ ಸತ್ತವರು ಬಿಟ್ಟುಹೋದದ್ದಾಗಿರುವಾಗ, ಅವರ ಬಗ್ಗೆ ಕೃತಜ್ಞತೆಯಿಲ್ಲದೆ ಬದುಕುವುದು ಹೇಗೆ? ಪಿತೃಋಣವೆಂದು ಭಾರತೀಯ ಪರಂಪರೆ ಹೇಳಿದ್ದರ ಹತ್ತಿರಕ್ಕೆ ಈ ಮಾತು ಬರುತ್ತದೆ. ಅವನ ಪ್ರೇತಗಳು ಕೇಳುವುದೂ ಇದನ್ನೇ. ಹೈಕೆ ವಂಶದವರಿಗೆ ಬೇಕಾದದ್ದು ತಮ್ಮ ಕಥೆ ಕೇಳಿಸಬೇಕು ಎಂಬುದು, ಜಿಕಿನಿಂಕಿಗೆ ಬೇಕಾದದ್ದು ಒಂದು ಪ್ರಾರ್ಥನೆ.

ಹರ್ನ್ 1904ರ ಸೆಪ್ಟೆಂಬರ್ 26ರಂದು ಹೃದಯಾಘಾತದಿಂದ ತೀರಿಕೊಂಡ. ಬೌದ್ಧ ವಿಧಿಯಂತೆ ಸಂಸ್ಕಾರ ನಡೆದು, ಟೋಕಿಯೊದ ಜೋಷಿಗಾಯ ಸ್ಮಶಾನದಲ್ಲಿ ಸಮಾಧಿಯಾಯಿತು. ಮಸಾಕಿ ಕೊಬಾಯಾಷಿ 1964ರಲ್ಲಿ ಅವನ ನಾಲ್ಕು ಕಥೆಗಳಿಂದ ‘ಕ್ವಾಯ್ದಾನ್’ ಚಲನಚಿತ್ರ ತೆಗೆದ. ಕಾನ್ ಉತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಚಿತ್ರದಿಂದಾಗಿ ಹೊಯಿಚಿ, ಹಿಮಕನ್ಯೆ ಯುಕಿ-ಒನ್ನರ ಕಥೆಗಳು ಲೋಕಕ್ಕೆಲ್ಲ ತಿಳಿದವು, ಪ್ರಬಂಧಗಳು ಹಿಂದೆ ಸರಿದವು. ಹರ್ನ್‌ನನ್ನು ಮೊದಲ ಸಲ ಓದುವವರು ‘ಡಿಪ್ಲೊಮಸಿ’ ಮತ್ತು ‘ಓ-ತೇಇ’ಯಿಂದ ಆರಂಭಿಸಿ, ಸೊಳ್ಳೆ ಮತ್ತು ಇರುವೆಗಳ ಪ್ರಬಂಧಗಳನ್ನು ಹಾರಿಸದೆ ಓದಬೇಕು.